ಅಕ್ಕಿ ಇದೆ, ಕೂಲಿ ಇಲ್ಲ

ಕೇಳುಗರಿಗೆ ನಮಸ್ಕಾರ. ಹೊಲದ ಕೆಲಸ ಮುಗಿಸಿ ಬಂದು ರೇಡಿಯೋ ಹಾಕಿದವರಿಗೆ ಇವತ್ತಿನ ಮಾತು ಬೇಗ ಅರ್ಥವಾದೀತು.

ಬಾಂಗ್ಲಾದೇಶದ ಉತ್ತರ ಭಾಗದಲ್ಲಿ ರಂಗಪುರ ಸೀಮೆ ಇದೆ. ಮಳೆಗಾಲ ಬಂತೆಂದರೆ ತೀಸ್ತಾ, ಬ್ರಹ್ಮಪುತ್ರ ನದಿಗಳು ಅಲ್ಲಿ ಊರಿಗೂರನ್ನೇ ಕೊಚ್ಚುತ್ತವೆ. ಜುಲೈ, ಆಗಸ್ಟ್‌ನಲ್ಲಿ ಆಮನ್ ಭತ್ತದ ನಾಟಿ. ಕೊಯ್ಲು ನವೆಂಬರ್ ಕೊನೆಗೆ. ನಡುವಿನ ಎರಡು ತಿಂಗಳು ಕೂಲಿಯವರಿಗೆ ಗದ್ದೆಯಲ್ಲಿ ಕೆಲಸವೇ ಇಲ್ಲ. ಆ ಹಸಿವಿನ ಕಾಲಕ್ಕೆ ಅಲ್ಲಿ ಮೊಂಗಾ ಅನ್ನುತ್ತಾರೆ.

ಆದರೆ ಸಂತೆಯಲ್ಲಿ ಅಕ್ಕಿ ಇರುತ್ತದೆ! ಕೊಳ್ಳಲು ಕೂಲಿ ಇಲ್ಲ, ಅಷ್ಟೇ. ಸಾಲದ್ದಕ್ಕೆ ಆಗಲೇ ಅಕ್ಕಿಯ ದರವೂ ಏರುತ್ತದೆ. ಗದ್ದೆಯ ಯಜಮಾನರ ಹತ್ತಿರ ಮುಂಗಡ ತಂದು ಉಣ್ಣುತ್ತಾರೆ, ಕೊಯ್ಲಿನಲ್ಲಿ ಕಡಿಮೆ ಕೂಲಿಗೆ ದುಡಿದು ತೀರಿಸುತ್ತಾರೆ.

ನನಗೆ ಬಹಳ ಇಷ್ಟವಾದ ಒಂದು ಪ್ರಸಂಗವಿದೆ. 2008ರಲ್ಲಿ ಮುಷ್ಫಿಕ್ ಮೊಬಾರಕ್ ಎಂಬ ಅರ್ಥಶಾಸ್ತ್ರಜ್ಞರು ತಮ್ಮ ಜೊತೆಗಾರರೊಂದಿಗೆ ಕುರಿಗ್ರಾಮ, ಲಾಲ್‌ಮೊನಿರ್‌ಹಾಟ್ ಜಿಲ್ಲೆಗಳ ನೂರು ಹಳ್ಳಿಗಳಲ್ಲಿ ಒಂದು ಪ್ರಯೋಗ ಮಾಡಿದರು. ಏನು ಕೊಟ್ಟರು ಗೊತ್ತಾ? ಅಕ್ಕಿ ಅಲ್ಲ, ಬಸ್ ಚಾರ್ಜು! ಅಲ್ಲಿನ ಹಣದಲ್ಲಿ ಸುಮಾರು 600 ಟಾಕಾ. ಕೆಲವರಿಗೆ ಸುಮ್ನೆ, ಕೆಲವರಿಗೆ ಸಾಲವಾಗಿ. ಮನೆಯಿಂದ ಒಬ್ಬರು ಪಟ್ಟಣಕ್ಕೆ ದುಡಿಯಲು ಹೋಗಬೇಕು, ಅದೊಂದೇ ಷರತ್ತು. ಹಣ ಸಿಗದ ಕಡೆ ನೂರಕ್ಕೆ 36 ಮನೆಗಳಿಂದ ಜನ ಹೋದರು. ಸಿಕ್ಕ ಕಡೆ 58. ಮನೆಯಲ್ಲಿ ಉಳಿದ ಹೆಂಗಸರು, ಮಕ್ಕಳು ಜಾಸ್ತಿ ಉಂಡರು. ಮುಂದಿನ ವರ್ಷ ಯಾರೂ ದುಡ್ಡು ಕೊಡದಿದ್ದರೂ ಅವರಲ್ಲಿ ಎಷ್ಟೋ ಜನ ತಾವಾಗಿಯೇ ಹೊರಟರು.

ಮೊದಲೇ ಯಾಕೆ ಹೋಗಲಿಲ್ಲ? ಸೋಮಾರಿಗಳಾ? ಅಲ್ಲ ಸ್ವಾಮಿ. ಹೋದಲ್ಲಿ ಕೆಲಸ ಸಿಗದಿದ್ದರೆ ಬಸ್ಸಿನ ದುಡ್ಡೂ ಹೋಯಿತು, ಮನೆಯವರ ಊಟವೂ ಹೋಯಿತು. ನಮ್ಮ ರಾಯಚೂರು, ಯಾದಗಿರಿ ಕಡೆಯಿಂದ ಗುಳೆ ಹೋಗುವವರಿಗೆ ಈ ಲೆಕ್ಕ ಯಾರೂ ಹೇಳಿಕೊಡಬೇಕಾಗಿಲ್ಲ.

ನೆರೆ ಅಂದ ಕೂಡಲೇ ಅಕ್ಕಿ ಮೂಟೆಯ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುವವರಿಗೆ ಇದು ಯಾವಾಗ ತಿಳಿಯುತ್ತದೋ! ಮೂಟೆ ಬೇಡ ಅನ್ನುತ್ತಿಲ್ಲ. ಅದು ಹತ್ತು ದಿನಕ್ಕೆ ಮುಗಿಯುತ್ತದೆ. ಬೇಕಾಗಿರುವುದು ಕೂಲಿ, ಅದೂ ಆ ಎರಡು ತಿಂಗಳಲ್ಲೇ.

ಭತ್ತದ ತಳಿಗಳ ಬಗ್ಗೆ ಜಾಸ್ತಿ ಹೇಳಬೇಕೆಂದಿದ್ದೆ, ಸಮಯ ಉಳಿದಿಲ್ಲ. ಅಲ್ಲಿನ ವಿಜ್ಞಾನಿಗಳ ಬ್ರಿ ಧಾನ್ 33 ಭತ್ತ ಸಸಿಮಡಿಗೆ ಬೀಜ ಹಾಕಿದ ದಿನದಿಂದ ನಾಲ್ಕು ತಿಂಗಳಿಗೇ ಮಾಗುತ್ತದೆ. ಅದನ್ನು ಹಾಕಿದ ಕಡೆ ಮೊಂಗಾದ ನಡುವೆಯೇ ಕೊಯ್ಲು. ಆಮೇಲೆ ಅದೇ ಗದ್ದೆಗೆ ಆಲೂಗಡ್ಡೆ, ಮತ್ತೆ ಕೂಲಿ. ನಮಸ್ಕಾರ.