ವೋಲ್ಟೇಜ್‌ಗೆ ಬೀಗ ಹಾಕಿದ್ದು ಯಾರಿಗಾಗಿ?

ಲ್ಯಾಪ್‌ಟಾಪಿನ ಪ್ರೊಸೆಸರ್‌ಗೆ ಎಷ್ಟು ವೋಲ್ಟೇಜ್ ಹೋಗಬೇಕು ಅನ್ನುವುದನ್ನು ತೀರ್ಮಾನಿಸುವ ಹಕ್ಕು ದುಡ್ಡು ಕೊಟ್ಟು ಅದನ್ನು ಕೊಂಡವರದ್ದು. ಆದರೆ ಇಂಟೆಲ್ ಚಿಪ್ ಇರುವ ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ಅದನ್ನು ಬದಲಿಸಲಾಗದಂತೆ ಬೀಗ ಬಿದ್ದಿದೆ, ಅದು ತಪ್ಪು. ಇವತ್ತು ನಾನು ಹೇಳೋಕೆ ಬಂದಿರುವುದು ಇಷ್ಟೇ. ಯಾಕೆ ಅಂತ ಕೇಳಿ.

ಒಂದೇ ಮಾಡೆಲ್‌ನ ಎರಡು ಚಿಪ್ ತಗೊಂಡರೂ ಅವೆರಡೂ ತದ್ರೂಪ ಆಗಿರುವುದಿಲ್ಲ. ಒಂದಕ್ಕೆ ಕಡಿಮೆ ವೋಲ್ಟೇಜ್ ಸಾಕು, ಇನ್ನೊಂದಕ್ಕೆ ಸ್ವಲ್ಪ ಜಾಸ್ತಿ ಬೇಕು. ಸೆಕೆಯಲ್ಲೂ ಕೈಕೊಡಬಾರದು, ಹಳೆಯದಾದರೂ ನಡೀಬೇಕು ಅಂತ ಕಂಪನಿಯವರು ಮೇಲೊಂದಿಷ್ಟು ಸೇರಿಸಿಯೇ ಕೊಡುತ್ತಾರೆ. ತಪ್ಪಲ್ಲ. ಆದರೆ ಅದರ ಬೆಲೆ ಸಣ್ಣದಲ್ಲ. ಚಿಪ್ ಕೆಲಸ ಮಾಡುವಾಗ ತಿನ್ನುವ ಪವರ್ (ವಿದ್ಯುತ್ ಖರ್ಚು) ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಏರುತ್ತದೆ. ವೋಲ್ಟೇಜನ್ನು 10% ಇಳಿಸಿದರೆ, ವೇಗ ಅಷ್ಟೇ ಇದ್ದರೂ, ಆ ಖರ್ಚು ಸುಮಾರು 19% ಇಳಿಯುತ್ತದೆ. ಬಿಸಿ ಕಡಿಮೆ, ಫ್ಯಾನ್ ಸದ್ದು ಕಡಿಮೆ. ಬಿಸಿ ತಾಳದೆ ವೇಗ ತಗ್ಗಿಸಿಕೊಳ್ಳುತ್ತಿದ್ದ ಲ್ಯಾಪ್‌ಟಾಪ್ ಇನ್ನಷ್ಟು ಹೊತ್ತು ಪೂರ್ತಿ ವೇಗದಲ್ಲಿ ಓಡುತ್ತದೆ.

ಲಿನಕ್ಸ್‌ನಲ್ಲಿ ಇದು ಹೊಸದೇನಲ್ಲ. ಇಂಟೆಲ್‌ನ ಹಳೆಯ ಪೆಂಟಿಯಂ ಎಂ, ಕೋರ್ 2 ಚಿಪ್‌ಗಳ ಕಾಲದಲ್ಲೇ, ಲಿನಕ್ಸ್‌ನ ತಿರುಳಾದ ಕರ್ನಲ್‌ಗೆ ಪಿಎಚ್‌ಸಿ ಅನ್ನುವ ಪ್ಯಾಚ್ (ಸೇರಿಸಿಕೊಳ್ಳುವ ಕೋಡ್) ಇತ್ತು. ಅದನ್ನು ಹಾಕಿಕೊಂಡರೆ ಕರ್ನಲ್ ತನ್ನ ಸೆಟ್ಟಿಂಗ್‌ಗಳನ್ನು ಫೈಲ್‌ಗಳಾಗಿ ತೋರಿಸುವ ಸಿಸ್‌ಎಫ್‌ಎಸ್ ಒಳಗೆ ಒಂದು ಸಣ್ಣ ಫೈಲ್ ಕಾಣುತ್ತಿತ್ತು. ಒಂದೊಂದು ವೇಗಕ್ಕೆ ಒಂದೊಂದು ಅಂಕಿ. ಅಲ್ಲಿ ಸಣ್ಣ ಅಂಕಿ ಬರೆದರೆ ವೋಲ್ಟೇಜ್ ಇಳಿಯಿತು, ಅಷ್ಟೇ ಕೆಲಸ.

ಇಂಟೆಲ್‌ನ 2013ರ ಹ್ಯಾಸ್‌ವೆಲ್ ಚಿಪ್‌ಗಳಿಂದ ಈಚೆಗೆ ದಾರಿ ಬದಲಾಯಿತು. ಈಗ ಕರ್ನಲ್‌ನ ಎಂಎಸ್‌ಆರ್ ಮಾಡ್ಯೂಲ್ ಮೂಲಕ ಪ್ರೊಸೆಸರ್ ಒಳಗಿನ ಒಂದು ರಿಜಿಸ್ಟರ್‌ಗೆ ಬರೆಯಬೇಕು. ಎಂಎಸ್‌ಆರ್ ಅಂದರೆ ಪ್ರೊಸೆಸರ್‌ನ ಸೆಟ್ಟಿಂಗ್ ಇಡುವ ಇಂಥ ರಿಜಿಸ್ಟರ್‌ಗಳು. ಬೀಗ ಬೀಳದ ಲ್ಯಾಪ್‌ಟಾಪ್‌ನಲ್ಲಿ ಇಂಟೆಲ್-ಅಂಡರ್‌ವೋಲ್ಟ್ ಅನ್ನುವ ಟೂಲ್ ಈ ಕೆಲಸವನ್ನು ಸುಲಭ ಮಾಡುತ್ತದೆ. ಅಂಡರ್‌ವೋಲ್ಟ್ ಅಂದರೆ ವೋಲ್ಟೇಜ್ ಇಳಿಸುವುದು. ಅದರ ಕಾನ್ಫಿಗ್ ಫೈಲ್ ತೆರೆದು ಸಿಪಿಯು ಸಾಲಿನಲ್ಲೂ ಸಿಪಿಯು ಕ್ಯಾಶ್ ಸಾಲಿನಲ್ಲೂ ಮೈನಸ್ 50 ಅಂತ ಹಾಕಿ. 50 ಮಿಲಿವೋಲ್ಟ್ ಕಡಿಮೆ ಅಂತ ಅರ್ಥ. ಎರಡೂ ಸಾಲಿಗೆ ಒಂದೇ ಅಂಕಿ ಇರಲಿ. ಆಮೇಲೆ ಅದನ್ನು ಅಪ್ಲೈ ಮಾಡಿ, ಪ್ರೊಸೆಸರ್‌ಗೆ ಪೂರ್ತಿ ಕೆಲಸ ಕೊಟ್ಟು ಪರೀಕ್ಷಿಸುವ ಸ್ಟ್ರೆಸ್-ಎನ್‌ಜಿ ಓಡಿಸಿ. ಕರ್ನಲ್ ಲಾಗ್ ತೋರಿಸುವ dmesg ಕಮಾಂಡಿನಲ್ಲಿ ಮಷೀನ್ ಚೆಕ್ ಎರರ್ (ಪ್ರೊಸೆಸರ್ ತಾನೇ ಪತ್ತೆ ಹಚ್ಚಿದ ತಪ್ಪು) ಬಂತಾ ನೋಡಿ. ಬರಲಿಲ್ಲವಾದರೆ ಇನ್ನೈದು ಇಳಿಸಿ. ಸಿಸ್ಟಮ್ ಹ್ಯಾಂಗ್ ಆಯಿತಾ? ಪವರ್ ಬಟನ್ ಒತ್ತಿ ಹಿಡಿದು ಮತ್ತೆ ಆನ್ ಮಾಡಿ. ರೀಬೂಟ್ ಆದರೆ ವೋಲ್ಟೇಜ್ ಮೊದಲಿನಂತೆಯೇ ಆಗುತ್ತದೆ. ಅದಕ್ಕೇ, ಚೆನ್ನಾಗಿ ಪರೀಕ್ಷೆ ಆಗುವವರೆಗೆ, ಪ್ರತಿ ಸಲ ಆನ್ ಆದಾಗ ಈ ಅಂಕಿಯನ್ನು ತಾನೇ ಹಾಕುವ ಬೂಟ್ ಸರ್ವಿಸ್ ಎನೇಬಲ್ ಮಾಡಲೇಬೇಡಿ. ಹ್ಯಾಂಗ್ ಆಗದೆಯೂ ಲೆಕ್ಕ ತಪ್ಪಬಹುದು, ಫೈಲ್ ಕೆಡಬಹುದು. ಮೊದಲು ಬ್ಯಾಕಪ್ ತಗೊಳ್ಳಿ. ಅಂಚಿಗೆ ಹೋಗಿ ನಿಲ್ಲಬೇಡಿ, ಹತ್ತು ಹದಿನೈದು ಮಿಲಿವೋಲ್ಟ್ ಈಚೆಗೇ ಇರಿ.

ಈಗ ಬೀಗದ ವಿಷಯ. 2019ರ ಡಿಸೆಂಬರ್‌ನಲ್ಲಿ ಪ್ಲಂಡರ್‌ವೋಲ್ಟ್ ಅನ್ನುವ ದಾಳಿ ಬೆಳಕಿಗೆ ಬಂತು. ಇದೇ ರಿಜಿಸ್ಟರ್‌ನಿಂದ ವೋಲ್ಟೇಜ್ ಇಳಿಸಿ, ಎಸ್‌ಜಿಎಕ್ಸ್ ಅನ್ನುವ ಸುರಕ್ಷಿತ ಭಾಗದೊಳಗಿನ ಲೆಕ್ಕ ತಪ್ಪಿಸಿ, ಗುಟ್ಟಿನ ಕೀಗಳನ್ನು ಹೊರತೆಗೆಯಬಹುದು ಅಂತ ಬರ್ಮಿಂಗ್‌ಹ್ಯಾಮ್, ಗ್ರಾಝ್, ಲೂವೆನ್ ವಿಶ್ವವಿದ್ಯಾಲಯಗಳ ಸಂಶೋಧಕರು ತೋರಿಸಿದರು. ಒಳ್ಳೆಯ ಸಂಶೋಧನೆ, ನಿಜವಾದ ಅಪಾಯ. ಇಂಟೆಲ್ ಮೈಕ್ರೋಕೋಡ್ (ಪ್ರೊಸೆಸರ್ ಒಳಗಿನ ಕೋಡ್) ಮತ್ತು ಬಯೋಸ್ (ಆನ್ ಆದ ಕೂಡಲೇ ಮೊದಲು ಓಡುವ ಸಾಫ್ಟ್‌ವೇರ್) ಅಪ್‌ಡೇಟ್ ಮೂಲಕ ವೋಲ್ಟೇಜಿಗೆ ಬೀಗ ಹಾಕಿತು.

ಆದರೆ ಈ ದಾಳಿ ಮಾಡುವವನಿಗೆ ಮೊದಲೇ ರೂಟ್ ಅಧಿಕಾರ, ಅಂದರೆ ಸಿಸ್ಟಮ್ ಮೇಲೆ ಪೂರ್ತಿ ಹಿಡಿತ, ಇರಬೇಕು. ನಮ್ಮ ಲ್ಯಾಪ್‌ಟಾಪಿನಲ್ಲಿ ರೂಟ್ ಯಾರು? ನಾವೇ ಅಲ್ವಾ? ಬೇರೆಯವರ ಸರ್ವರ್‌ನಲ್ಲಿ ನಮ್ಮ ಗುಟ್ಟು ಇಡುವಾಗ ಈ ಬೀಗ ಬೇಕೇ ಬೇಕು. ಮನೆಯಲ್ಲಿ ಕೂತು ಕೋಡ್ ಬರೆಯುವ ವಿದ್ಯಾರ್ಥಿಗೆ ಇದರಿಂದ ಯಾವ ರಕ್ಷಣೆ ಸಿಕ್ಕಿತು? ಎಸ್‌ಜಿಎಕ್ಸ್ ಅನ್ನೇ ಇಂಟೆಲ್ 11ನೇ ತಲೆಮಾರಿನ ಕೋರ್ ಚಿಪ್‌ಗಳಿಂದ ಕೈಬಿಟ್ಟಿತು. ಬೀಗ ಮಾತ್ರ ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ಹಾಗೇ ಉಳಿಯಿತು. ಇದು ನನಗೆ ಅನ್ಯಾಯ ಅಂತಲೇ ಅನಿಸುತ್ತದೆ.

ಕರ್ನಲ್‌ನವರು ಇದೇ ಪ್ರಶ್ನೆಯನ್ನು ಹೇಗೆ ಬಗೆಹರಿಸಿದರು ನೋಡಿ. 2020ರ 5.9ನೇ ಆವೃತ್ತಿಯಿಂದ, ಹೊರಗಿನ ಪ್ರೋಗ್ರಾಂ ಎಂಎಸ್‌ಆರ್‌ಗೆ ಬರೆದರೆ ಲಾಗ್‌ನಲ್ಲಿ ಎಚ್ಚರಿಕೆ ಬರುತ್ತದೆ, ಕರ್ನಲ್‌ಗೆ ಟೇಂಟ್ ಅನ್ನುವ ‘ಕಳಂಕ’ದ ಗುರುತು ಬೀಳುತ್ತದೆ. ಇದನ್ನು ಪೂರ್ತಿ ತಡೆಯಬೇಕಾ, ಬಿಡಬೇಕಾ ಅನ್ನುವುದಕ್ಕೆ ಒಂದು ಬೂಟ್ ಪ್ಯಾರಾಮೀಟರ್ ಇದೆ. ಸಹಿ ಇರುವ ಸಾಫ್ಟ್‌ವೇರ್ ಮಾತ್ರ ಬೂಟ್ ಆಗಲು ಬಿಡುವ ಸೆಕ್ಯೂರ್ ಬೂಟ್ ಜೊತೆ, ಕರ್ನಲ್‌ನ ಲಾಕ್‌ಡೌನ್ ಅನ್ನುವ ಕಾವಲು ಆನ್ ಇದ್ದರೆ ಬರೆಯುವುದೇ ಆಗುವುದಿಲ್ಲ, ಆದರೆ ಅದನ್ನು ಆಫ್ ಮಾಡುವವರೂ ನಾವೇ. ಅಪಾಯ ಇದೆ ಅಂತ ಹೇಳುತ್ತಾರೆ, ತೀರ್ಮಾನ ನಮಗೆ ಬಿಡುತ್ತಾರೆ.

ಬಯೋಸ್‌ನಲ್ಲೂ ಇದು ಆಗುವಂಥದ್ದೇ. ಕೆಲವು ಗೇಮಿಂಗ್ ಲ್ಯಾಪ್‌ಟಾಪ್‌ಗಳಲ್ಲಿ ಅಂಡರ್‌ವೋಲ್ಟ್ ಪ್ರೊಟೆಕ್ಷನ್ ಅನ್ನುವ ಆಯ್ಕೆ ಇದೆ, ಬೇಡವಾದರೆ ಆಫ್ ಮಾಡಬಹುದು. ಆಫೀಸಿಗೆ, ಕಾಲೇಜಿಗೆ ಅಂತ ಮಾರುವ ತೆಳು ಲ್ಯಾಪ್‌ಟಾಪ್‌ಗಳಲ್ಲೇ ಬಿಸಿಯ ಕಾಟ ಜಾಸ್ತಿ, ಈ ಆಯ್ಕೆ ಮೊದಲು ಬರಬೇಕಾದ್ದು ಅವಕ್ಕೆ. ಹೊಸದು ಕೊಳ್ಳುವ ಮೊದಲು ಅಂಗಡಿಯಲ್ಲಿ ಬಯೋಸ್ ತೆರೆದು ತೋರಿಸಿ ಅಂತ ಕೇಳಿ. ಇಲ್ಲ ಅಂದರೆ, ಯಾಕಿಲ್ಲ ಅಂತ ಕಂಪನಿಗೆ ಬರೆಯಿರಿ.