ಅಂಕವಿಲ್ಲದ ಎರಡು ನಿಮಿಷ

ನಮಸ್ಕಾರ. ತರಗತಿಯಲ್ಲಿ ದಿನಕ್ಕೆ ಹತ್ತಾರು ಸಲ ಕೇಳಿಬರುವ ಒಂದು ಪ್ರಶ್ನೆಯಿಂದ ಇಂದಿನ ಮಾತು ಶುರು ಮಾಡುತ್ತೇನೆ. “ಅರ್ಥವಾಯಿತೇ?” ಇದಕ್ಕೆ ಬರುವ ಉತ್ತರ ಒಂದೇ: “ಆಯಿತು.” ಮೂವತ್ತು ನಲವತ್ತು ಕಂಠಗಳು ಒಂದೇ ರಾಗದಲ್ಲಿ, ಕೊನೆಯ ಅಕ್ಷರವನ್ನು ಎಳೆದು ಹೇಳುತ್ತವೆ. ಇಪ್ಪತ್ತು ವರ್ಷ ಗಣಿತ ಹೇಳಿಕೊಟ್ಟವನು ನಾನು. ಈ ಪ್ರಶ್ನೆಯನ್ನು ಎಷ್ಟು ಸಾವಿರ ಸಲ ಕೇಳಿದ್ದೇನೋ ಲೆಕ್ಕವಿಲ್ಲ. “ಇಲ್ಲ, ನನಗೆ ಆಗಲಿಲ್ಲ” ಎಂದು ಎದ್ದು ನಿಂತವರನ್ನು ಮಾತ್ರ ಬೆರಳಲ್ಲಿ ಎಣಿಸಬಹುದು. ಅದೇ ಮಕ್ಕಳ ಉತ್ತರಪತ್ರಿಕೆ ತಿದ್ದಲು ಕುಳಿತಾಗ, ಆ “ಆಯಿತು” ಎಷ್ಟು ಟೊಳ್ಳು ಎಂಬುದು ಪುಟಪುಟದಲ್ಲೂ ಕಾಣುತ್ತಿತ್ತು.

ಆ ಪ್ರಶ್ನೋತ್ತರವೂ ಒಂದು ಆಚರಣೆಯೇ. ಕಾಲ ನಿಗದಿಯಾಗಿದೆ, ಮಾತು ನಿಗದಿಯಾಗಿದೆ, ಎಲ್ಲರೂ ಸೇರಿ ನಡೆಸುತ್ತಾರೆ. ಒಳಗಿನ ಜೀವ ಹೋಗಿರುವುದರಿಂದ ಅದು ಕಾಟಾಚಾರ. ಕನ್ನಡದಲ್ಲಿ ಇದಕ್ಕೆ ಎಂಥ ಕರಾರುವಾಕ್ಕಾದ ಪದವಿದೆ ನೋಡಿ. ಆಚಾರವೂ ಅದರೊಳಗೇ ಇದೆ, ಅದು ಕೆಟ್ಟಿರುವುದೂ ಅದರೊಳಗೇ ಇದೆ. ಕಲಿಕೆಯಲ್ಲಿ ಆಚರಣೆಗೆ ಏನು ಕೆಲಸ ಎಂದು ಯಾರಾದರೂ ಕೇಳಿದಾಗ ಹಲವರ ಕಣ್ಣಿಗೆ ಬರುವುದು ಈ ಕಾಟಾಚಾರವೇ. ಹಾಗಾಗಿ ಅವರು ಎಲ್ಲವನ್ನೂ ಗುಡಿಸಿ ಹಾಕಲು ಹೊರಡುತ್ತಾರೆ. ಹಾಜರಿ ಕರೆಯುವುದು ಸಮಯ ಹಾಳು, ಎದ್ದು ನಿಲ್ಲುವುದು ಹಳೆಯ ಕಾಲದ್ದು, ನೇರವಾಗಿ ಪಾಠಕ್ಕೆ ಬನ್ನಿ ಎನ್ನುತ್ತಾರೆ. ನಾನೂ ಕೆಲವು ವರ್ಷ ಹಾಗೆಯೇ ನಂಬಿದ್ದೆ. ಈಗ ನಂಬುವುದಿಲ್ಲ. ಏಕೆ ಎಂದು ಹೇಳುತ್ತೇನೆ.

ಹಾಜರಿಯನ್ನೇ ತೆಗೆದುಕೊಳ್ಳಿ. ಎರಡು ನಿಮಿಷದ ಕೆಲಸ. ಅದನ್ನು ಬಿಟ್ಟು ತಲೆ ಎಣಿಸಿ ಪುಸ್ತಕದಲ್ಲಿ ಗುರುತು ಹಾಕಿಕೊಳ್ಳಲು ಆರಂಭಿಸಿದ ವರ್ಷ, ಒಂದು ತಿಂಗಳು ಕಳೆಯುವಷ್ಟರಲ್ಲಿ ನನಗೊಂದು ಸಂಗತಿ ಹೊಳೆಯಿತು. ಹಿಂದಿನ ಬೆಂಚಿನ ಎಂಟು ಹತ್ತು ಮಕ್ಕಳ ಹೆಸರನ್ನು ನಾನು ಒಮ್ಮೆಯೂ ಬಾಯಿಬಿಟ್ಟು ಕರೆದಿರಲಿಲ್ಲ. ಉತ್ತರ ಹೇಳುವವರ ಹೆಸರು ಕರೆದಿದ್ದೆ, ಗಲಾಟೆ ಮಾಡುವವರ ಹೆಸರನ್ನೂ ಕರೆದಿದ್ದೆ. ನಡುವೆ ಸುಮ್ಮನೆ ಕುಳಿತಿದ್ದವರಿಗೆ ನನ್ನ ದನಿಯಲ್ಲಿ ತಮ್ಮ ಹೆಸರು ಕೇಳುವ ಅವಕಾಶ ಇದ್ದದ್ದು ಆ ಎರಡು ನಿಮಿಷದಲ್ಲಿ ಮಾತ್ರ. ಅದನ್ನೂ ನಾನು ಕಿತ್ತುಕೊಂಡಿದ್ದೆ.

ಇದನ್ನು ಬಹಳ ಹಿಂದೆಯೇ ಕಂಡುಕೊಂಡವರು ಇಟಲಿಯ ಶಿಕ್ಷಣತಜ್ಞೆ ಮರಿಯಾ ಮಾಂಟೆಸ್ಸರಿ. 1907ರ ಜನವರಿ 6ರಂದು ರೋಮ್ ನಗರದ ಸಾನ್ ಲೊರೆಂಜೊ ಎಂಬ ಬಡವರ ಬಡಾವಣೆಯಲ್ಲಿ ‘ಮಕ್ಕಳ ಮನೆ’ ಎಂಬ ಅವರ ಮೊದಲ ಶಾಲೆ ತೆರೆಯಿತು. ಒಂದು ದಿನ ಅವರು ನಾಲ್ಕು ತಿಂಗಳ ಹಸುಗೂಸನ್ನು ಎತ್ತಿಕೊಂಡು ತರಗತಿಯೊಳಗೆ ಬಂದರು. ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿದ್ದ ಕೂಸು ಸದ್ದಿಲ್ಲದೆ ಮಲಗಿತ್ತು. ಇವಳಷ್ಟು ನಿಶ್ಶಬ್ದವಾಗಿರಲು ನಿಮ್ಮಿಂದ ಆಗುವುದಿಲ್ಲ ಎಂದರು. ಮಕ್ಕಳು ಉಸಿರು ಬಿಗಿಹಿಡಿದು ಕುಳಿತರು. ಗಡಿಯಾರದ ಟಿಕ್ ಟಿಕ್ ಕೇಳತೊಡಗಿತು. ಇದರಿಂದ ಹುಟ್ಟಿದ್ದೇ ಮೌನದ ಆಟ. ಮಕ್ಕಳು ಮೌನವಾಗಿ ಕುಳಿತಿರುತ್ತಾರೆ, ಶಿಕ್ಷಕಿ ಪಕ್ಕದ ಕೋಣೆಯಿಂದ ಒಬ್ಬೊಬ್ಬರ ಹೆಸರನ್ನೂ ಪಿಸುದನಿಯಲ್ಲಿ ಕರೆಯುತ್ತಾರೆ, ಹೆಸರು ಕೇಳಿದ ಮಗು ತುದಿಗಾಲಲ್ಲಿ ನಡೆದು ಬರುತ್ತದೆ. ಹೀಗೆ ಬಂದವರಿಗೆ ಉಡುಗೊರೆ ಕೊಡಲು ಹೋದಾಗ ಮಕ್ಕಳೇ ಬೇಡವೆಂದರು ಎಂದು ಮಾಂಟೆಸ್ಸರಿ ಬರೆದಿದ್ದಾರೆ.

ಆ ನಿರಾಕರಣೆಯ ಬಗ್ಗೆ ನಾನು ಬಹಳ ಯೋಚಿಸಿದ್ದೇನೆ. ಆ ಆಟದಲ್ಲಿ ಯಾರೂ ಮೊದಲಿಗರಲ್ಲ, ಯಾರೂ ಕೊನೆಯವರಲ್ಲ. ಪ್ರತಿಯೊಂದು ಹೆಸರೂ ಬಂದೇ ಬರುತ್ತದೆ. ಕಾಯುವುದಷ್ಟೇ ಕೆಲಸ. ಓದಲು ಬರದ ಮಗು ಕೂಡ ಅದನ್ನು ಪೂರ್ತಿಯಾಗಿ, ತಪ್ಪಿಲ್ಲದೆ ಮಾಡಬಲ್ಲದು. ತರಗತಿಯಲ್ಲಿ ಉಳಿದೆಲ್ಲವೂ ತಕ್ಕಡಿಗೆ ಬೀಳುತ್ತದೆ: ಕೈಬರಹ, ಲೆಕ್ಕ, ಉಚ್ಚಾರಣೆ, ಚಿತ್ರ, ಓಟ ಕೂಡ. ಆಚರಣೆಯೊಂದಕ್ಕೇ ಅಂಕವಿಲ್ಲ. ನನ್ನ ಮಟ್ಟಿಗೆ ಅದರ ಸತ್ವವೆಲ್ಲ ಇರುವುದು ಇಲ್ಲಿ. ದಿನದಲ್ಲಿ ಎರಡು ನಿಮಿಷವಾದರೂ ಎಲ್ಲ ಮಕ್ಕಳೂ ಸರಿಸಮನಾಗಿ ಸರಿಯಾಗಿರುವ ಒಂದು ಜಾಗ ಬೇಕು. ಅದಿಲ್ಲದ ತರಗತಿಯಲ್ಲಿ ಹಿಂದುಳಿದ ಮಗು ಬೆಳಿಗ್ಗೆಯಿಂದ ಸಂಜೆಯವರೆಗೆ ಬರೀ ಹಿಂದುಳಿದೇ ಇರುತ್ತದೆ.

“ಉಪಯೋಗವೇ ಕಾಣದ ಕ್ರಿಯೆಯನ್ನು ಮಕ್ಕಳಿಂದ ಏಕೆ ಮಾಡಿಸಬೇಕು?” ಎಂಬ ಆಕ್ಷೇಪ ಬರುತ್ತದೆ. ನ್ಯಾಯವಾದ ಪ್ರಶ್ನೆಯೇ. ಇದಕ್ಕೆ ನಾನು ಒಂದು ಪ್ರಯೋಗದ ಕತೆ ಹೇಳುತ್ತೇನೆ. 2005ರಲ್ಲಿ ವಿಕ್ಟೋರಿಯಾ ಹಾರ್ನರ್ ಮತ್ತು ಆಂಡ್ರ್ಯೂ ವೈಟನ್ ಎಂಬ ಸಂಶೋಧಕರು ಚಿಂಪಾಂಜಿಗಳಿಗೂ ಮೂರು ನಾಲ್ಕು ವರ್ಷದ ಮಕ್ಕಳಿಗೂ ಒಂದೇ ಬಗೆಯ ಪೆಟ್ಟಿಗೆ ತೋರಿಸಿದರು. ತೋರಿಸುವವರು ಮೊದಲು ಪೆಟ್ಟಿಗೆಯ ಮೇಲಿನ ರಂಧ್ರಕ್ಕೆ ಕೋಲು ತೂರಿಸಿ ಕುಟ್ಟುತ್ತಿದ್ದರು. ಆಮೇಲೆ ಮುಂಭಾಗದ ಬಾಗಿಲು ತೆರೆದು ಬಹುಮಾನ ಹೊರತೆಗೆಯುತ್ತಿದ್ದರು. ಪೆಟ್ಟಿಗೆ ಕಪ್ಪಾಗಿದ್ದಾಗ ಚಿಂಪಾಂಜಿಗಳು ಎಲ್ಲವನ್ನೂ ಅನುಕರಿಸಿದವು. ಪಾರದರ್ಶಕ ಪೆಟ್ಟಿಗೆ ಕೊಟ್ಟಾಗ, ಮೇಲೆ ಕುಟ್ಟುವುದಕ್ಕೂ ಬಹುಮಾನಕ್ಕೂ ಸಂಬಂಧವಿಲ್ಲ ಎಂಬುದು ಕಣ್ಣಿಗೇ ಕಾಣುತ್ತಿತ್ತು. ಚಿಂಪಾಂಜಿಗಳು ಆ ಭಾಗವನ್ನು ಬಿಟ್ಟು ನೇರವಾಗಿ ಬಾಗಿಲಿಗೆ ಕೈಹಾಕಿದವು. ಮಕ್ಕಳು ಮಾತ್ರ ಆಗಲೂ ಕುಟ್ಟಿದರು.

ಇದನ್ನು ಕೇಳಿ ಮಕ್ಕಳೇ ದಡ್ಡರು ಎಂದುಕೊಳ್ಳುವುದು ಸುಲಭ. ನನಗೆ ತೋರುವುದು ಬೇರೆ. ಮನುಷ್ಯನ ಮಗುವಿಗೆ ಬಹುಮಾನದಷ್ಟೇ ಮುಖ್ಯ, “ಇಲ್ಲಿ ಇದನ್ನು ಮಾಡುವ ಕ್ರಮ ಯಾವುದು” ಎಂಬುದು. ಏಕೆ ಎಂದು ತಿಳಿಯುವ ಮೊದಲೇ ಹೇಗೆ ಎಂಬುದನ್ನು ನಂಬಿಕೆಯಿಂದ ತೆಗೆದುಕೊಳ್ಳುವ ಈ ಗುಣ ಇಲ್ಲದಿದ್ದರೆ ಭಾಷೆ ಬರುತ್ತಿರಲಿಲ್ಲ, ಬರವಣಿಗೆ ಬರುತ್ತಿರಲಿಲ್ಲ. ಅಕ್ಷರವನ್ನು ಈ ಕಡೆಯಿಂದಲೇ ಏಕೆ ತಿದ್ದಬೇಕು ಎಂದು ಯಾವ ಮಗುವಿಗೂ ಮೊದಲ ದಿನ ವಿವರಿಸಲು ಆಗುವುದಿಲ್ಲ. ಕೈ ಹಿಡಿದು ತಿದ್ದಿಸುತ್ತೇವೆ, ಅರ್ಥ ಆಮೇಲೆ ಬರುತ್ತದೆ. ಮಗು ಕೊಡುವ ಈ ನಂಬಿಕೆ ಬಹಳ ದೊಡ್ಡ ಸಾಲ. ಅದನ್ನು ತೀರಿಸುವ ಹೊಣೆ ಶಿಕ್ಷಕರದು. ಅರ್ಥವನ್ನು ಕೊನೆಯವರೆಗೂ ಕೊಡದೆ ಬರೀ ಕ್ರಮವನ್ನೇ ಮಾಡಿಸುತ್ತಾ ಹೋದರೆ ಅಲ್ಲಿಗೆ ಕಾಟಾಚಾರ ಶುರುವಾಯಿತು.

ಇನ್ನೊಂದು ಮಾತು, ಹೊಸ್ತಿಲಿನದು. 1909ರಲ್ಲಿ ಆರ್ನಾಲ್ಡ್ ವಾನ್ ಗೆನೆಪ್ ಎಂಬ ವಿದ್ವಾಂಸರು ಮನುಷ್ಯನ ಬದುಕಿನ ಘಟ್ಟಗಳನ್ನು ಗುರುತಿಸುವ ವಿಧಿಗಳನ್ನೆಲ್ಲ ಹರವಿಕೊಂಡು ನೋಡಿ, ಅವುಗಳಲ್ಲಿ ಮೂರು ಹಂತಗಳನ್ನು ಕಂಡರು. ಹಳೆಯದರಿಂದ ಬೇರ್ಪಡುವುದು, ಹೊಸ್ತಿಲ ಮೇಲೆ ನಿಲ್ಲುವುದು, ಹೊಸದರೊಳಗೆ ಸೇರಿಕೊಳ್ಳುವುದು. ತರಗತಿಗೆ ಈ ಹೊಸ್ತಿಲು ಎಷ್ಟು ಅಗತ್ಯ ಎಂಬುದು 2020ರಲ್ಲಿ ಎಲ್ಲರಿಗೂ ತಿಳಿಯಿತು. ಆ ವರ್ಷ ಜಗತ್ತಿನಾದ್ಯಂತ ಸುಮಾರು 160 ಕೋಟಿ ವಿದ್ಯಾರ್ಥಿಗಳ ತರಗತಿಗಳು ಮುಚ್ಚಿದ್ದವು. ಪರದೆಯ ಮೂಲಕ ಪಾಠ ಸಿಕ್ಕವರಿಗೂ ಗಂಟೆಯ ಸದ್ದು ಇರಲಿಲ್ಲ, ಬಾಗಿಲು ದಾಟುವುದು ಇರಲಿಲ್ಲ, ತಮ್ಮದೇ ಎಂಬ ಬೆಂಚು ಇರಲಿಲ್ಲ. ಮಲಗಿದ್ದ ಹಾಸಿಗೆಯಲ್ಲೇ ಎದ್ದು ಕುಳಿತು ಮೊಬೈಲ್ ಒತ್ತಿದರೆ ವಿಜ್ಞಾನ, ಇನ್ನೊಮ್ಮೆ ಒತ್ತಿದರೆ ಇತಿಹಾಸ. ಪಾಠ ತಲುಪುತ್ತಿತ್ತು, ಮಕ್ಕಳು ಬಂದು ತಲುಪುತ್ತಿರಲಿಲ್ಲ. ಎರಡು ಪಾಠಗಳ ನಡುವೆ ದಾಟಲು ಏನೂ ಇಲ್ಲದಿದ್ದರೆ ಮನಸ್ಸು ಎಲ್ಲಿದೆಯೋ ಅಲ್ಲೇ ಉಳಿದುಬಿಡುತ್ತದೆ.

ಹಾಗಾಗಿ ಆಚರಣೆ ಎಲ್ಲಿರಬೇಕು ಎಂದರೆ ಆರಂಭದಲ್ಲಿರಬೇಕು. ನಾವು ಸಂಭ್ರಮವನ್ನೆಲ್ಲ ಮುಗಿಸುವವರಿಗಾಗಿ ಕೂಡಿಟ್ಟಿರುತ್ತೇವೆ: ಪದವಿ ಪ್ರದಾನ, ನಿಲುವಂಗಿ, ಚಪ್ಪಾಳೆ. ಮಕ್ಕಳ ನರರೋಗ ವೈದ್ಯರಾಗಿದ್ದ ಆರ್ನಾಲ್ಡ್ ಗೋಲ್ಡ್ ಅವರನ್ನು ಕಾಡಿದ್ದು ಇದೇ. ವೈದ್ಯರು ಪದವಿಯ ದಿನ ಪ್ರತಿಜ್ಞೆ ಸ್ವೀಕರಿಸುತ್ತಾರೆ, ಅದು ನಾಲ್ಕು ವರ್ಷ ತಡವಾಯಿತು ಎಂಬುದು ಅವರ ವಾದ. 1993ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ, ಇನ್ನೂ ಏನೂ ಕಲಿಯದ ಹೊಸ ವಿದ್ಯಾರ್ಥಿಗಳ ಹೆಗಲಿಗೆ ಹಿರಿಯ ವೈದ್ಯರೇ ಬಿಳಿಯ ಕೋಟು ತೊಡಿಸಿ, ಅಂದೇ ಪ್ರತಿಜ್ಞೆ ಹೇಳಿಸುವ ಕ್ರಮ ಆರಂಭವಾಯಿತು. ಇಂದು ಅದು ಎಷ್ಟೋ ದೇಶಗಳಿಗೆ ಹಬ್ಬಿದೆ. ಮೊದಲ ದಿನದ ಆ ಕೋಟು ಯಾವ ಜಾಣತನಕ್ಕೂ ಸಿಕ್ಕ ಬಹುಮಾನವಲ್ಲ. ಕಲಿಯಲು ಬಂದಿದ್ದೀರಿ ಎಂಬ ಒಂದೇ ಕಾರಣಕ್ಕೆ ಅದು ಎಲ್ಲರ ಹೆಗಲಿಗೂ ಬರುತ್ತದೆ.

ಕೆನಡಾದ ಎಂಜಿನಿಯರುಗಳ ಕಬ್ಬಿಣದ ಉಂಗುರ ನನಗೆ ಇನ್ನೂ ಹೆಚ್ಚು ಇಷ್ಟ. 1925ರಿಂದ ನಡೆದುಬಂದಿರುವ ವಿಧಿ ಅದು. ಓದು ಮುಗಿಸಿದವರು ತಮ್ಮ ಕೆಲಸದ ಹೊಣೆಯನ್ನು ಒಪ್ಪಿಕೊಂಡು, ಬರೆಯುವ ಕೈಯ ಕಿರುಬೆರಳಿಗೆ ಉಂಗುರ ತೊಡುತ್ತಾರೆ. ಕಿರುಬೆರಳಿಗೇ ಏಕೆ? ನಕ್ಷೆ ಎಳೆಯುವಾಗ ಕಾಗದಕ್ಕೆ ತಾಗುವುದು ಆ ಬೆರಳು. ಪ್ರತಿ ಗೆರೆಗೂ ಉಂಗುರ ಕಾಗದವನ್ನು ಸವರುತ್ತದೆ. ಒಂದು ದಿನ ಮಾಡಿದ ವಿಧಿ, ಆಮೇಲೆ ಪ್ರತಿ ದಿನ ಸಣ್ಣಗೆ ಗೀರುತ್ತಲೇ ಇರುತ್ತದೆ. ಅದನ್ನು ಯೋಚಿಸಿದವರಿಗೆ ಕೈ ಮುಗಿಯಬೇಕು.

ಪರೀಕ್ಷೆಯ ಭಯದ ವಿಷಯವನ್ನು ಎರಡು ಮಾತಿನಲ್ಲಿ ಹೇಳಿ ಮುಂದೆ ಹೋಗುತ್ತೇನೆ. 2016ರಲ್ಲಿ ಆಲಿಸನ್ ವುಡ್ ಬ್ರೂಕ್ಸ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗಗಳಲ್ಲಿ, ಕಷ್ಟದ ಕೆಲಸಕ್ಕೆ ಮುನ್ನ ಸಣ್ಣದೊಂದು ವಿಧಿ ಮಾಡಿದವರ ಆತಂಕ ತಗ್ಗಿ ಕೆಲಸ ಉತ್ತಮಗೊಂಡಿತು. ಅದೇ ಚಲನೆಗಳನ್ನು ವಿಧಿ ಎಂದು ಕರೆದಾಗ ಫಲ ಕಂಡಿತು, ಸುಮ್ಮನೆ ಒಂದಿಷ್ಟು ಚಲನೆ ಎಂದಾಗ ಕಾಣಲಿಲ್ಲ. ಪರೀಕ್ಷೆಗೆ ಮುನ್ನ ಪೆನ್ನುಗಳನ್ನು ಒಂದೇ ರೀತಿ ಜೋಡಿಸಿಕೊಳ್ಳುವ ಮಗುವನ್ನು ಗದರಬೇಡಿ ಎಂದಷ್ಟೇ ನನ್ನ ಕೋರಿಕೆ.

ಈಗ ಆಚರಣೆಯ ಕರಾಳ ಮುಖದ ಬಗ್ಗೆ ಹೇಳಲೇಬೇಕು. ಅದನ್ನು ಮುಚ್ಚಿಟ್ಟು ಹೊಗಳಿದರೆ ಅಪ್ರಾಮಾಣಿಕನಾಗುತ್ತೇನೆ. ನಾನು ಓದಿದ ಒಂದು ಶಾಲೆಯಲ್ಲಿ ಪ್ರತಿ ಕಿರುಪರೀಕ್ಷೆಯ ಮಾರನೆಯ ಬೆಳಿಗ್ಗೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಅಂಕಗಳನ್ನು ಮೇಲಿನಿಂದ ಕೆಳಕ್ಕೆ ಓದುತ್ತಿದ್ದರು. ಅದಕ್ಕೂ ನಿಗದಿತ ಕಾಲವಿತ್ತು, ನಿಗದಿತ ದನಿಯಿತ್ತು. ಹೆಸರು ಓದಿದ ಮೇಲೆ ಕುಳಿತುಕೊಳ್ಳಬೇಕು. ಕೊನೆಕೊನೆಗೆ ಕುಳಿತ ನೂರಾರು ತಲೆಗಳ ನಡುವೆ ಮೂರು ನಾಲ್ಕು ಜನ ಮಾತ್ರ ನಿಂತಿರುತ್ತಿದ್ದೆವು. ನನ್ನ ಬಲಗಾಲಿನ ಬೂಟಿನ ಮೇಲೆ ಒಂದು ಸೀಳಿತ್ತು. ಅದು ಎಷ್ಟು ಉದ್ದ, ಎಲ್ಲಿ ಕವಲೊಡೆದಿತ್ತು ಎಂಬುದು ನನಗೆ ಇಂದಿಗೂ ನೆನಪಿದೆ, ಏಕೆಂದರೆ ಆ ಹೊತ್ತಿನಲ್ಲಿ ನೋಡಲು ಇದ್ದದ್ದು ಅದೊಂದೇ. ಆ ವರ್ಷ ಕಲಿತ ಪಾಠಗಳಲ್ಲಿ ಒಂದೂ ನೆನಪಿಲ್ಲ.

ಆಚರಣೆಗೆ ಶಕ್ತಿಯಿದೆ ಎನ್ನುವವರು ಇದನ್ನೂ ಒಪ್ಪಿಕೊಳ್ಳಬೇಕು. ಕೂಡಿಸುವ ಶಕ್ತಿಯೇ ದೂಡುವ ಶಕ್ತಿಯೂ ಹೌದು. ಅಂಕವಿಲ್ಲದಿರಬೇಕಾದ ಜಾಗಕ್ಕೆ ಅಂಕವನ್ನು ತಂದರೆ ಮಗುವಿಗೆ ಉಸಿರಾಡಲು ಉಳಿದಿದ್ದ ಕಿಟಕಿಯನ್ನೂ ಮುಚ್ಚಿದಂತೆ. ಯಾವ ಶಾಲೆಯಲ್ಲೇ ಆಗಲಿ, ಎಷ್ಟೇ ಹಳೆಯದಾಗಿರಲಿ, ಇಂಥ ಕ್ರಮವನ್ನು ನಾಳೆಯೇ ನಿಲ್ಲಿಸಬೇಕು.

ಒಂದು ಆಚರಣೆ ಒಳ್ಳೆಯದೋ ಅಲ್ಲವೋ ಎಂದು ತಿಳಿಯಲು ನಾನು ಮೊದಲು ನೋಡುವುದು, ಅದು ಶಿಕ್ಷಕರನ್ನೂ ಕಟ್ಟುತ್ತದೆಯೇ ಎಂದು. ಮಕ್ಕಳು ಮಾತ್ರ ಎದ್ದು ನಿಂತು ಶಿಕ್ಷಕರು ಫೋನ್ ನೋಡುತ್ತಾ ಒಳಬಂದರೆ ಅದು ಕವಾಯತು. ಜೂಡೋ ಕಲಿಯುವ ಕಡೆ ನೋಡಿ, ಶಿಷ್ಯ ತಲೆಬಾಗಿದಾಗ ಗುರುವೂ ತಲೆಬಾಗುತ್ತಾರೆ. ಅಷ್ಟರಿಂದಲೇ ಕೋಣೆಯ ಗಾಳಿ ಬೇರೆಯಾಗುತ್ತದೆ. ಕಲಿಕೆ ಇಬ್ಬರಿಗಿಂತ ದೊಡ್ಡದು ಎಂದು ಇಬ್ಬರೂ ಒಪ್ಪಿಕೊಂಡ ಗುರುತು ಅದು.

ಇದನ್ನು ಮನಸ್ಸಿನಲ್ಲಿಟ್ಟುಕೊಂಡು ನಾನು “ಅರ್ಥವಾಯಿತೇ?” ಎಂದು ಕೇಳುವುದನ್ನು ನಿಲ್ಲಿಸಿದೆ. ಅದರ ಬದಲಿಗೆ ತರಗತಿಯ ಕೊನೆಯ ಐದು ನಿಮಿಷಕ್ಕೆ ಒಂದು ಕ್ರಮ ತಂದೆ. ಎಲ್ಲರಿಗೂ ಅಂಗೈಯಗಲದ ಒಂದೊಂದು ಚೀಟಿ. ಇಂದು ಅರ್ಥವಾಗದೆ ಉಳಿದದ್ದು ಒಂದನ್ನು ಬರೆಯಬೇಕು, ಹೆಸರು ಹಾಕುವಂತಿಲ್ಲ. ಮಡಿಸಿ ಡಬ್ಬಿಗೆ ಹಾಕಬೇಕು. ನಾನೂ ಬರೆಯುತ್ತೇನೆ, ಅವರಂತೆಯೇ ಮಡಿಸಿ ಹಾಕುತ್ತೇನೆ. ಮರುದಿನ ಹಾಜರಿ ಕರೆದಾದ ಮೇಲೆ ಮೂರು ಚೀಟಿ ತೆಗೆದು ಓದುವುದು. ಮೊದಲ ವಾರ ಬಹಳಷ್ಟು ಚೀಟಿಗಳಲ್ಲಿ “ಎಲ್ಲ ಅರ್ಥವಾಗಿದೆ” ಎಂದೇ ಇತ್ತು. ಹಳೆಯ ಕಾಟಾಚಾರ ಅಷ್ಟು ಬೇಗ ಬಿಡುತ್ತದೆಯೇ? ನಾನು ಮಾತ್ರ ದಿನವೂ ನನ್ನ ಚೀಟಿ ಬರೆದೆ, ನಿಜವನ್ನೇ ಬರೆದೆ.

ಋಣ ಸಂಖ್ಯೆಗಳ ಗುಣಾಕಾರ ಹೇಳಿಕೊಟ್ಟ ಮಾರನೆಯ ದಿನ ಡಬ್ಬಿಯಿಂದ ತೆಗೆದ ಮೊದಲ ಚೀಟಿಯಲ್ಲಿ ಹೀಗಿತ್ತು: “ಋಣವನ್ನು ಋಣದಿಂದ ಗುಣಿಸಿದರೆ ಧನ ಏಕೆ? ನೀವು ನಿಯಮ ಎಂದಿರಿ. ಏಕೆ ಎಂದು ಹೇಳಲಿಲ್ಲ.” ಎರಡನೆಯದು ನನ್ನದೇ ಚೀಟಿ. ಅದನ್ನೂ ಗಟ್ಟಿಯಾಗಿ ಓದಿದೆ: “ಋಣ ಗುಣಿಸು ಋಣ ಧನವಾಗುವುದನ್ನು ಇಂದು ನಿಯಮವೆಂದು ಹೇಳಿ ತಪ್ಪಿಸಿಕೊಂಡೆ. ಸರಳವಾಗಿ ತೋರಿಸುವ ದಾರಿ ಹುಡುಕಬೇಕು.” ಕೋಣೆ ಒಂದು ಕ್ಷಣ ಸ್ತಬ್ಧವಾಯಿತು. ಆಮೇಲೆ ನಾನು ಬೋರ್ಡಿನ ಮೇಲೆ ಒಂದರ ಕೆಳಗೊಂದು ಬರೆಯುತ್ತಾ ಹೋದೆ. 3 ಗುಣಿಸು ಋಣ 2, ಋಣ 6. 2 ಗುಣಿಸು ಋಣ 2, ಋಣ 4. 1 ಗುಣಿಸು ಋಣ 2, ಋಣ 2. ಸೊನ್ನೆ ಗುಣಿಸು ಋಣ 2, ಸೊನ್ನೆ. ಪ್ರತಿ ಸಾಲಿಗೂ ಉತ್ತರ ಎರಡೆರಡು ಮೇಲೇರುತ್ತಿತ್ತು. ಮುಂದಿನ ಸಾಲಿಗೆ ಋಣ 1 ಗುಣಿಸು ಋಣ 2 ಎಂದು ಬರೆದು, ಉತ್ತರದ ಜಾಗ ಖಾಲಿ ಬಿಟ್ಟು, ಸೀಮೆಸುಣ್ಣವನ್ನು ಮೇಜಿನ ಮೇಲಿಟ್ಟು ಪಕ್ಕಕ್ಕೆ ಸರಿದು ನಿಂತೆ.

ಹಿಂದಿನ ಬೆಂಚಿನಿಂದ ಒಬ್ಬಳು ಎದ್ದಳು. ಹಾಜರಿಯಲ್ಲಿ ಬಿಟ್ಟರೆ ಅವಳ ದನಿಯನ್ನು ನಾನು ಕೇಳಿಯೇ ಇರಲಿಲ್ಲ. ನಡೆದು ಬಂದು ಸೀಮೆಸುಣ್ಣ ಎತ್ತಿಕೊಂಡು 2 ಎಂದು ಬರೆದಳು. ತಿರುಗಿ ಹೋಗುತ್ತಾಳೆ ಎಂದುಕೊಂಡೆ. ಹೋಗಲಿಲ್ಲ. ಅದರ ಕೆಳಗೆ ಇನ್ನೊಂದು ಸಾಲು ಬರೆದಳು, ಅದರ ಕೆಳಗೆ ಮತ್ತೊಂದು, ಬೋರ್ಡಿನ ಅಂಚು ಮುಗಿಯುವವರೆಗೂ.