ಮಂಗಳ ಹಾಡಿದ ಮೇಲೆ

ಕೇಳುಗರಿಗೆ ನಮಸ್ಕಾರ.

ಕರ್ನಾಟಕ ಸಂಗೀತದ ಕಚೇರಿ ಮಂಗಳವೆಂಬ ಕೊನೆಯ ಹಾಡಿನೊಂದಿಗೆ ಮುಗಿಯುತ್ತದೆ ಎಂಬುದು ಸಭಿಕರ ಮಟ್ಟಿಗೆ ನಿಜ. ಹಾಡಿದವರ ಮಟ್ಟಿಗೆ ಅದು ಮುಗಿಯುವುದು ಇನ್ನೂ ಕೆಲವು ತಾಸುಗಳ ನಂತರ, ಮನೆಮಂದಿಯ ನಡುವೆ. ಆ ತಾಸುಗಳನ್ನು ಹೇಗೆ ಕಳೆಯಬೇಕೆಂದು ಸಂಗೀತದ ಪಾಠದಲ್ಲಿ ಸಾಮಾನ್ಯವಾಗಿ ಹೇಳಿಕೊಡುವುದಿಲ್ಲವಾದ್ದರಿಂದ ಇಂದು ಅದನ್ನೇ ಮಾತಿಗೆ ಎತ್ತಿಕೊಂಡಿದ್ದೇನೆ.

ಕಚೇರಿಯಲ್ಲಿ ಕಂಠ ಎಷ್ಟು ದುಡಿಯುತ್ತದೆ ಎಂಬುದನ್ನು ಮೊದಲು ನೋಡೋಣ. ಐದು ಮನೆ ಶ್ರುತಿಯ (ಹಾರ್ಮೋನಿಯಂನ ಐದನೆಯ ಬಿಳಿ ಮನೆಯನ್ನು 'ಸ' ಎಂದು ಇಟ್ಟುಕೊಂಡು ಹಾಡುವ) ಗಾಯಕಿ ಮಧ್ಯಸ್ಥಾಯಿಯ ಷಡ್ಜದಲ್ಲಿ, ಅಂದರೆ ನಡುವಿನ 'ಸ'ದಲ್ಲಿ, ನಿಂತಾಗ ಆಕೆಯ ಧ್ವನಿತಂತುಗಳು ಸೆಕೆಂಡಿಗೆ ಸುಮಾರು 196 ಸಲ ಕಂಪಿಸುತ್ತವೆ. ತಾರಷಡ್ಜಕ್ಕೆ, ಅಂದರೆ ಮೇಲಿನ 'ಸ'ಕ್ಕೆ, ಏರಿದರೆ ಅದು ಇಮ್ಮಡಿಯಾಗಿ 392 ಆಗುತ್ತದೆ. ಎರಡು ಸೆಂಟಿಮೀಟರೂ ಉದ್ದವಿಲ್ಲದ ಎರಡು ಮಡಿಕೆಗಳು ಎರಡು ಗಂಟೆಯ ಕಾಲ, ಗಮಕದ ತೂಗಾಟವನ್ನೂ ಬಿರ್ಕಗಳೆಂಬ ಮಿಂಚಿನಂಥ ಸ್ವರಗುಚ್ಛಗಳ ವೇಗವನ್ನೂ ತಾಳಿಕೊಂಡು ಈ ಕೆಲಸ ಮಾಡುತ್ತವೆ. ತನಿ ಆವರ್ತನಕ್ಕೆ, ಅಂದರೆ ತಾಳವಾದ್ಯಗಳು ಮಾತ್ರ ನುಡಿಯುವ ಭಾಗಕ್ಕೆ, ಬಿಟ್ಟಾಗ ಅವುಗಳಿಗೆ ಬಿಡುವು ಸಿಗುತ್ತದೆ ನಿಜ, ಆದರೆ ಗಾಯಕಿಗೆ ಸಿಗುವುದಿಲ್ಲ. ಮೃದಂಗದವರು ನಡೆಯನ್ನು, ಅಂದರೆ ಪ್ರತಿ ಎಣಿಕೆಯನ್ನು ಒಡೆಯುವ ಲೆಕ್ಕವನ್ನು, ಬದಲಿಸುತ್ತಾ ಹೋದಂತೆ ಆಕೆಯ ಕೈ ತಾಳವನ್ನು ಕೂದಲೆಳೆಯಷ್ಟೂ ಅಲುಗದಂತೆ ಹಿಡಿದಿರಬೇಕಾಗುತ್ತದೆ.

ಗಾಯಕ ಅರಿಯಕ್ಕುಡಿ ರಾಮಾನುಜ ಅಯ್ಯಂಗಾರ್ಯರು (1890–1967) ರೂಢಿಗೆ ತಂದ ಕಚೇರಿ ಪದ್ಧತಿಯಲ್ಲಿ ವರ್ಣದಿಂದ ಮೊದಲಾಗಿ, ಚುರುಕಾದ ಕೃತಿಗಳನ್ನು ದಾಟಿ, ರಾಗ ವಿಸ್ತಾರ, ನೆರವಲ್ (ಸಾಹಿತ್ಯದ ಒಂದೇ ಸಾಲನ್ನು ಬಗೆಬಗೆಯಾಗಿ ಬೆಳೆಸುವುದು), ಸ್ವರಗಳಿರುವ ಪ್ರಧಾನ ಭಾಗವನ್ನು ಮುಟ್ಟಿ, ಅನಂತರ ದೇವರನಾಮ, ಜಾವಳಿ, ತಿಲ್ಲಾನಗಳಂಥ ಹಗುರ ರಚನೆಗಳ ಮೂಲಕ ಇಳಿಯುವ ಕ್ರಮವಿದೆ. ಸಭಿಕರನ್ನು ಹಿಡಿದಿಡುವುದಕ್ಕಾಗಿಯೇ ಈ ಏರ್ಪಾಟು ಎಂದು ಹೇಳುವವರಿದ್ದಾರೆ. ನನಗನ್ನಿಸುವಂತೆ ಅದರಿಂದ ಗಾಯಕರಿಗೂ ಉಪಕಾರವಿದೆ, ಏಕೆಂದರೆ ಏರಿದ ಮನಸ್ಸು ತಟ್ಟನೆ ಇಳಿಯಲಾರದು. ಮನೆಯಲ್ಲಿ ಕಳೆಯುವ ರಾತ್ರಿ ಆ ಇಳಿಕೆಯ ಮುಂದಿನ ಭಾಗ.

ಮೊದಲು ಕಂಠದ ಮಾತು. ಹಾಡಿ ಬಂದವರು ಧ್ವನಿಯನ್ನು ಉಳಿಸಿಕೊಳ್ಳಲೆಂದು ಪಿಸುಗುಟ್ಟುವುದುಂಟು. ಎಷ್ಟೋ ಜನರಲ್ಲಿ ಅದು ಗಂಟಲನ್ನು ಇನ್ನಷ್ಟು ಬಿಗಿಯುತ್ತದೆ. ಮೆಲ್ಲಗೆ, ಸಹಜವಾದ ಧ್ವನಿಯಲ್ಲಿ ಸ್ವಲ್ಪವೇ ಮಾತಾಡುವುದು ಅಥವಾ ಸುಮ್ಮನಿರುವುದು ಮೇಲು. ಕುಡಿದ ನೀರು ಅನ್ನನಾಳದಲ್ಲಿ ಇಳಿಯುವುದೇ ಹೊರತು ಧ್ವನಿತಂತುಗಳನ್ನು ನೇರವಾಗಿ ತಾಗುವುದಿಲ್ಲವಾದ್ದರಿಂದ, ಕಚೇರಿ ಮುಗಿದ ಮೇಲೆ ಗಟಗಟ ಕುಡಿಯುವುದಕ್ಕಿಂತ ಆ ದಿನ ಬೆಳಿಗ್ಗೆಯಿಂದಲೇ ಆಗಾಗ ಕುಡಿಯುವುದು ಹೆಚ್ಚು ಪ್ರಯೋಜನಕರ. ತಡರಾತ್ರಿ ಹೊಟ್ಟೆ ಬಿರಿಯುವಂತೆ ಉಂಡು ಕೂಡಲೇ ಮಲಗಿದರೆ ಹುಳಿ ಮೇಲೆ ಬಂದು ಗಂಟಲನ್ನು ಕೆರಳಿಸಬಹುದು. ಹಸಿದು ಬಂದವರಿಗೆ ಇದನ್ನು ಹೇಳುವುದು ಸುಲಭವಲ್ಲ, ಬಿಡಿ.

ಮನಸ್ಸಿನ ಮಾತು ಇಷ್ಟು ಸರಳವಲ್ಲ. ವೇದಿಕೆಯ ಮೇಲೆ ದೇಹದಲ್ಲಿ ಉಕ್ಕಿದ ಅಡ್ರಿನಲಿನ್‌ನ ಪ್ರಭಾವ ತಗ್ಗಿದ ಮೇಲೂ ತಲೆ ಎಚ್ಚರವಾಗಿಯೇ ಇರುತ್ತದೆ. ಕಣ್ಣು ಮುಚ್ಚಿದರೆ ಅಂದಿನ ರಾಗವೇ ಸುಳಿಯುತ್ತದೆ; ವೇದಿಕೆಯಲ್ಲಿ ಹೊಳೆಯದ ಸಂಗತಿಯೊಂದು, ಅಂದರೆ ಅದೇ ಸಾಲನ್ನು ಹಾಡುವ ಹೊಸದೊಂದು ಬಗೆ, ಈಗ, ಯಾರಿಗೂ ಬೇಡವಾದ ಹೊತ್ತಿನಲ್ಲಿ, ಸಲೀಸಾಗಿ ಹೊಳೆಯುತ್ತದೆ. ಕಚೇರಿಯ ರಾತ್ರಿ ನನ್ನ ಮಗಳು ನನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗುವ ರೂಢಿ. ನನಗೆ ಅರಿವಿಲ್ಲದೆಯೇ ನನ್ನ ಕೈ ಅವಳ ಬೆನ್ನಿನ ಮೇಲೆ ಆದಿತಾಳ ಹಾಕುತ್ತಿರುತ್ತದೆ: ಒಂದು ಪೆಟ್ಟು, ಮೂರು ಬೆರಳೆಣಿಕೆ, ಆಮೇಲೆ ಎರಡು ದ್ರುತ (ಪೆಟ್ಟು ಮತ್ತು ಕೈ ಮಗುಚುವಿಕೆಯ ಜೋಡಿ). "ಅಮ್ಮಾ, ಕಚಗುಳಿ ಆಗತ್ತೆ, ನಿಲ್ಲಿಸು" ಎಂದು ಅವಳು ಮಗ್ಗುಲಾಗುತ್ತಾಳೆ. ಮರುಕ್ಷಣವೇ, ಮೃದಂಗದ ಮಾಮ ಯಾಕೆ ಅಷ್ಟೊಂದು ತಲೆ ಆಡಿಸಿದರು ಎಂದು ಕೇಳುತ್ತಾಳೆ. ಹೊಗಳಿಕೆಯೂ ಅಲ್ಲದ, ತೆಗಳಿಕೆಯೂ ಅಲ್ಲದ ಇಂಥ ಪ್ರಶ್ನೆಗೆ ಉತ್ತರಿಸುತ್ತಾ ಕುಳಿತಾಗ ಭುಜಗಳು ತಾವಾಗಿ ಸಡಿಲಗೊಳ್ಳುತ್ತವೆ.

ಮನೆಯವರು ಹೊಗಳಬಾರದೆಂದು ನಾನು ಹೇಳುತ್ತಿಲ್ಲ. ಆದರೆ ಆ ರಾತ್ರಿ "ಹೇಗಾಯಿತು?" ಎಂದು ಹಾಡಿದವರನ್ನೇ ಕೇಳಿದರೆ, ಅವರು ಇಡೀ ಕಚೇರಿಯನ್ನು ಮತ್ತೊಮ್ಮೆ ಹಾಡಿಕೊಂಡು ಬಂದು ಉತ್ತರ ಕೊಡಬೇಕಾಗುತ್ತದೆ. ಧ್ವನಿಮುದ್ರಣವನ್ನು ಅಂದೇ ಹಾಕಿ ಕೇಳುವುದೂ ಅಷ್ಟೇ ಅನುಚಿತ; ದಣಿದ ಕಿವಿಗೆ ಕುಂದುಗಳು ಮಾತ್ರ ಎದ್ದು ಕೇಳಿಸುತ್ತವೆ. ಒಂದೆರಡು ದಿನ ಕಳೆದ ಮೇಲೆ ಅದೇ ಮುದ್ರಣ ಹೆಚ್ಚು ನ್ಯಾಯವಾಗಿ ಕೇಳಿಸುತ್ತದೆ.

ನಮ್ಮ ತಂದೆಯವರು ಒಳ್ಳೆಯ ರಸಿಕರು, ಮಾತಿನಲ್ಲಿ ದಾಕ್ಷಿಣ್ಯವಿಲ್ಲದವರು. ಕಚೇರಿಯ ರಾತ್ರಿ ಅವರು ಸಂಗೀತವೊಂದನ್ನು ಬಿಟ್ಟು ಬೇರೆಲ್ಲವನ್ನೂ ಮಾತಾಡುತ್ತಾರೆ. ಮರುದಿನ ಬೆಳಿಗ್ಗೆ ಪತ್ರಿಕೆಯನ್ನು ಮಡಿಚಿಟ್ಟು, "ನೆರವಲ್ ಇನ್ನೆರಡು ಆವರ್ತ ಬೆಳೆಸಬಹುದಿತ್ತಲ್ಲಮ್ಮ" ಎಂದು, ಇನ್ನೆರಡು ತಾಳದ ಸುತ್ತು ಹಾಡಬೇಕಿತ್ತೆಂಬಂತೆ, ಶುರುಮಾಡುತ್ತಾರೆ. ಆ ಹೊತ್ತಿಗೆ ನಾನೂ ನಿದ್ದೆ ಮಾಡಿ ಎದ್ದಿರುತ್ತೇನೆ, ಗಂಟಲೂ ತೆರೆದಿರುತ್ತದೆ. ಆದ್ದರಿಂದ ಒಪ್ಪದೆ ವಾದಿಸುತ್ತೇನೆ.

ನಮಸ್ಕಾರ.